‘ಸರಿ’ ಎಂದರೆ ಸರಿಯುತ್ತಿದ್ದ ಮೊಗ್ಗ

“ಕೇಳ್ರಪ್ಪೋ ಕೇಳಿ, ರಾಜಕುಮಾರಿ ಚಂಪಕಾದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ,” ಎಂದು ಹೊನ್ನಗುಡಿಯಲ್ಲಿ ಡಂಗುರ ಹೊಡೆದರು.

ಮೊದಲು ಬಂದ ದೊರೆಮಗ ನರೆತ ಮೀಸೆಗೆ ಕಾಡಿಗೆ ಬಳಿದಿದ್ದ. ಬೆವರಿಗೆ ಅದು ಗಲ್ಲಕ್ಕಿಳಿಯಿತು. ಮೊದಲ ಒಗಟಿಗೇ ‘ಬಿಲ್ಲು’ ಎಂದು ಸೆರೆಮನೆ ಸೇರಿದ. ಎರಡನೆಯವನಿಗೆ ಊರಲ್ಲಿ ಇಬ್ಬರು ಹೆಂಡಿರು, ಇಲ್ಲಿ ಮಾತ್ರ ಬ್ರಹ್ಮಚಾರಿ. ‘ಬಾಳೆಗಿಡ’ ಎಂದು ಅವನೂ ಒಳಗೆ ಹೋದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಹಾರಬೇಕಿತ್ತು.

ಮೂರನೆಯವನು ಗರುಡನಾಯಕ. ಅವನನ್ನು ಅರಮನೆಯ ಪಲ್ಲಕ್ಕಿಯಲ್ಲಿ ಹೊತ್ತು ತಂದವರಲ್ಲಿ ಮೊಗ್ಗನೂ ಒಬ್ಬ. “ಸರಿಯೋ ಆಚೆ” ಅನ್ನಿಸಿಕೊಂಡೇ ಬೆಳೆದ ಬೋಯಿ ಅವನು. ಯಾರ ಬಾಯಲ್ಲಿ ‘ಸರಿ’ ಎಂದು ಬಂದರೂ ಅವನ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಸಭೆಗೆ ಬಂದದ್ದೇ ತಡ, ನಾಯಕನ ಧೈರ್ಯ ಇಳಿದುಹೋಯಿತು. “ನನ್ನನ್ನು ಹೊತ್ತವನೇ ನನ್ನ ಉತ್ತರವನ್ನೂ ಹೊರಲಿ. ತಪ್ಪಿದರೆ ತಲೆ ಅವನದು,” ಎಂದು ಮೊಗ್ಗನನ್ನು ಮುಂದೆ ತಳ್ಳಿದ. ರಾಜ ಒಪ್ಪಿದ. ಬೇರೆಯವರ ತಲೆ ಕೊಡುವುದರಲ್ಲಿ ಅವನ ಕೈ ದೊಡ್ಡದು.

“ಹಾಗಾದರೆ ಗೆದ್ದರೂ ಅವನದೇ,” ಎಂದಳು ರಾಜಕುಮಾರಿ.

ಅವಳೇ ಮೊದಲ ಒಗಟು ಹೇಳಿದಳು.

“ಭಾರ ಬಿದ್ದರೆ ಬಾಗುತ್ತೆ, ಇಳಿಸಿದರೆ ನೆಟ್ಟಗಾಗುತ್ತೆ. ಬಾಗಲಾರೆ ಎಂದು ಹಟ ಮಾಡಿದರೆ ಮುರಿಯುತ್ತೆ. ಏನದು?”

ಮೊಗ್ಗ ಹೆಗಲು ಸವರಿಕೊಂಡ. “ಪಲ್ಲಕ್ಕಿ ಹೊರೋ ಕೋಲು, ದಂಡಿಗೆ, ಅಮ್ಮಣ್ಣಿಯವರೇ. ಈ ನಾಯಕರನ್ನು ಹೊತ್ತಾಗ ಚೆನ್ನಾಗೇ ಬಾಗ್ತು.”

“ಸರಿ.”

ಮೊಗ್ಗ ಹಿಂದಕ್ಕೆ ಸರಿದ.

“ನಡುಗಡಲಲ್ಲೂ ದಿಕ್ಕು ತಪ್ಪದವಳು, ಕತ್ತಿ ಹಿಡಿದವನು ಪಕ್ಕಕ್ಕೆ ಬಂದರೆ ಮೊಗ ತಿರುಗಿಸುತ್ತಾಳೆ. ಯಾರವಳು?”

ಎಲ್ಲರ ಕಣ್ಣೂ ಸೇನಾಪತಿಯ ಹೆಂಡತಿಯ ಮೇಲೆ ಹೋಯಿತು, ಕಾರಣವಿಲ್ಲದೆ ಏನಲ್ಲ. ಮೊಗ್ಗ ಮಾತ್ರ, “ದಿಕ್ಸೂಚಿಯ ಮುಳ್ಳು. ಹಡಗಿನ ಸಾಹುಕಾರರೊಬ್ಬರು ಪಲ್ಲಕ್ಕಿಯಲ್ಲಿ ಅದನ್ನೇ ನೋಡ್ತಾ ಕೂತಿದ್ರು. ಕಾವಲಿನವನ ಕತ್ತಿ ಹತ್ತಿರ ಬಂದಾಗಲೆಲ್ಲ ಮುಳ್ಳು ವಾಲ್ತು ಅಂತ ಬೈತಿದ್ರು,” ಎಂದ.

“ಸರಿ.”

ಮೊಗ್ಗ ಇನ್ನೂ ಹಿಂದಕ್ಕೆ ಸರಿದ.

“ಗುರಿಯಿಟ್ಟು ಬಿಟ್ಟರೂ ತಗಲದು. ಗುರಾಣಿ ಕಾಣದು, ಏಟು ಮಾತ್ರ ಪಕ್ಕಕ್ಕೆ ಹೋಗುತ್ತೆ. ಈ ಅರಮನೆಯಲ್ಲಿ ದಿನಾ ನಡೆಯುತ್ತೆ. ಏನದು?”

ಮೊಗ್ಗ ಯೋಚಿಸಿ ಯೋಚಿಸಿ, ಕೊನೆಗೆ ರಾಜನ ಕಡೆ ತಿರುಗಿದ. “ಬುದ್ಧಿ, ಹೋದ ಹುಣ್ಣಿಮೆ ನಿಮ್ಮನ್ನ ಹೂವಾಡಗಿತ್ತಿ ಮನೆಗೆ ಹೊತ್ಕೊಂಡು ಹೋದ್ವಲ್ಲ, ಅಲ್ಲೇನು ಕೆಲಸ ಇತ್ತು?”

ರಾಣಿಯ ಬೀಸಣಿಗೆ ನಿಂತಿತು.

ರಾಜ ಕೆಮ್ಮಿದ. “ಈ ಸಲ ಮಾವು ಚೆನ್ನಾಗಿ ಹೂ ಬಿಟ್ಟಿದೆ, ಅಲ್ಲವೇ ಮಂತ್ರಿಗಳೇ?”

“ಇದೇ, ಅಮ್ಮಣ್ಣಿಯವರೇ. ಹಾರಿಕೆ ಉತ್ತರ,” ಎಂದ ಮೊಗ್ಗ.

ಚಂಪಕಾದೇವಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಸರಿ.”

ಮೊಗ್ಗ ಮತ್ತೆ ಸರಿದು ಬಾಗಿಲು ಮುಟ್ಟಿದ. ಅವಳು ಇಳಿದು ಬಂದು ಅವನ ಕೈ ಹಿಡಿದಳು. “ಭಾರಕ್ಕೆ ದಂಡಿಗೆ ಸರಿಯಿತು, ಕಬ್ಬಿಣಕ್ಕೆ ಮುಳ್ಳು ಸರಿಯಿತು, ಪ್ರಶ್ನೆಗೆ ನಮ್ಮಪ್ಪ ಸರಿದರು. ನಾನು ನಿನಗೆ ಹೇಳಿದ್ದು ಬೇರೆ ಸರಿ. ಇನ್ನು ನೀನು ಸರಿಯಬೇಡ.”

ಮೊಗ್ಗ ಮೊದಲು ಕೇಳಿದ್ದು ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಿ ಎಂದು, ಉಳಿಸಿದರು. ಅರ್ಧ ರಾಜ್ಯ ಆಮೇಲೆ ಬಂತು. ಮದುವೆಯ ಮೆರವಣಿಗೆಯಲ್ಲಿ ಪಲ್ಲಕ್ಕಿ ಹೊರಲು ಹೆಗಲು ಕೊಟ್ಟವನು ಗರುಡನಾಯಕ. ರಾಜನೋ, ಅಂದಿನಿಂದ ರಾಣಿಯ ಎದುರು ಮಾವಿನ ಹೆಸರನ್ನೇ ಎತ್ತಲಿಲ್ಲ.