ಬೊಮ್ಮರಸನ ಮೂಗು, ಗಿರಿಯವ್ವನ ಹಸು

ಕರಿಕಲ್ಲುದುರ್ಗದ ದೊರೆ ಸರ್ಜಪ್ಪ ನಾಯಕನಿಗೆ ಒಬ್ಬ ಭಾವಮೈದುನನಿದ್ದ. ಹೆಸರು ಬೊಮ್ಮರಸ. ಅವನ ಮೂಗು ಭಾರಿ ಸೂಕ್ಷ್ಮ. ಮೂಗೊಂದನ್ನು ಬಿಟ್ಟರೆ ಅವನಲ್ಲಿ ಸೂಕ್ಷ್ಮವಾದದ್ದು ಬೇರೇನೂ ಇರಲಿಲ್ಲ ಅನ್ನಿ.

ಅವನು ಕೋಟೆಯೊಳಗೆ ದೊಡ್ಡದೊಂದು ಮನೆ ಕಟ್ಟಿಸಿದ. ಕಟ್ಟಿಸಿದ ಮೇಲೆ ಗೊತ್ತಾಯಿತು, ಗೋಡೆಯಾಚೆ ಗಿರಿಯವ್ವನ ಹಿತ್ತಲು. ಅಲ್ಲಿ ಕೆಂಚಿ ಅನ್ನುವ ಹಸು, ಅದರ ಕರು, ನಾಲ್ಕಾರು ಕೋಳಿ. ಗಾಳಿ ಬೀಸಿದರೆ ಸಗಣಿಯ ವಾಸನೆ. ಬೊಮ್ಮರಸ ನೆಟ್ಟಗೆ ಆಸ್ಥಾನಕ್ಕೆ ಬಂದ.

"ಭಾವ, ನಾಳೆ ಪರರಾಜ್ಯದವರು ಬಂದರೆ ಇದು ಕೋಟೆಯೋ ಕೊಟ್ಟಿಗೆಯೋ ಅಂತ ಕೇಳುತ್ತಾರೆ."

ಪರರಾಜ್ಯದವರು ಏನಂದುಕೊಂಡಾರು ಅನ್ನುವುದೇ ದೊರೆಯ ದೊಡ್ಡ ಚಿಂತೆ. ಸಂಜೆಗೇ ಡಂಗುರ ಹೊಡೆಸಿದ: ಕೋಟೆಯೊಳಗೆ ದನ, ಕುರಿ, ಕೋಳಿ ಕೂಡದು, ಒಳಗೆ ತಂದವರು ಅವುಗಳ ಜೊತೆಗೇ ಹೊರಗೆ.

ಆಸ್ಥಾನದಲ್ಲಿ ಮಾಚಣ್ಣ ಅಂತ ಒಬ್ಬನಿದ್ದ. ದೊರೆಯನ್ನು ನಗಿಸುವುದು, ಮಿಕ್ಕವರು ಹೇಳಲು ಹೆದರುವುದನ್ನು ಹೇಳುವುದು, ಇವೆರಡೇ ಅವನ ಕೆಲಸ. ದಿನಾ ಬೆಳಿಗ್ಗೆ ಗಿರಿಯವ್ವನ ಮನೆಯ ಮಜ್ಜಿಗೆ ಕುಡಿದೇ ಆಸ್ಥಾನಕ್ಕೆ ಹೋಗುತ್ತಿದ್ದ. ಮಾರನೆಯ ದಿನ ಹೋದಾಗ ಅವಳು ಹಗ್ಗ ಬಿಚ್ಚುತ್ತಿದ್ದಳು.

"ಎಲ್ಲಿಗವ್ವ?"

"ಕೋಟೆ ಬಾಗಿಲಾಚೆ, ಹುಣಸೆಮರದ ಕೆಳಕ್ಕೆ. ಎಲ್ಲರೂ ಹಳ್ಳಿಯಲ್ಲಿರೋ ನೆಂಟರ ಮನೆಗೆ ದನ ಅಟ್ಟಿದರು. ನನಗ್ಯಾವ ನೆಂಟರಪ್ಪ? ಗಂಡ ಹೋದ ಮೇಲೆ ನನ್ನನ್ನ ಸಾಕಿದ್ದು ಈ ಕೆಂಚಿ. ಚಿರತೆ ಬಂದರೆ ಇಬ್ಬರೂ ಒಟ್ಟಿಗೇ ಹೋಗ್ತೀವಿ ಬಿಡು."

ಮಾಚಣ್ಣನಿಗೆ ಹೊಟ್ಟೆ ಉರಿದುಹೋಯಿತು. ಮಜ್ಜಿಗೆ ಇಲ್ಲದ್ದಕ್ಕೆ ಅಲ್ಲ. ಅದಕ್ಕೂ ಸ್ವಲ್ಪ ಇರಬಹುದು.

"ಬೊಮ್ಮರಸರ ಗೃಹಪ್ರವೇಶ ಯಾವಾಗವ್ವ?"

"ಬರೋ ಶುಕ್ರವಾರವಂತೆ. ನಮಗೇನಪ್ಪ ಅದು?"

"ಅಲ್ಲೀತನಕ ತಡ್ಕೊ. ಮರದ ಸುತ್ತ ಬೆಂಕಿ ಹಾಕಿಸ್ತೀನಿ, ಕಾವಲಿಗೆ ಜನ ಇಡಿಸ್ತೀನಿ. ಶುಕ್ರವಾರ ಬೆಳಿಗ್ಗೆ ಮಾತ್ರ ಕೆಂಚಿಗೆ ಹಸಿ ಹುಲ್ಲು ಹೊಟ್ಟೆ ತುಂಬ ಹಾಕು."

ಶುಕ್ರವಾರ ಬಂತು. ತೋರಣ, ಓಲಗ, ಪಾಯಸದ ಘಮ. ದೊರೆ, ರಾಣಿ ಬಂದು ನಿಂತರು. ಜೋಯಿಸರು ಹೊಸ್ತಿಲ ಬಳಿ ನಿಂತು, "ಎಲ್ಲಿ, ಹಸು ಕರು ಹಿಡಿದುಕೊಂಡು ಬನ್ನಿ. ಮೊದಲು ಅವು ಒಳಗೆ ಹೋಗಬೇಕು, ಆಮೇಲೆ ಯಜಮಾನರು," ಅಂದರು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಗೋಡೆಯಾಚೆ ಕೂಗಿದರೆ ಹಸು ಬರುತ್ತಿದ್ದ ಊರಲ್ಲಿ ಹಸುವಿಗೆ ಮೊದಲೇ ಹೇಳಿಡುವುದು ಯಾರಿಗೆ ಹೊಳೆಯಬೇಕು? ಹತ್ತಿರದಲ್ಲಿ ಇದ್ದದ್ದು ಕೆಂಚಿಯೊಂದೇ. ತರಲು ಯಾವ ಆಳೂ ಒಪ್ಪಲಿಲ್ಲ.

"ಮುಹೂರ್ತ ಮೀರುತ್ತಿದೆ," ಅಂದರು ಜೋಯಿಸರು.

"ಮಾಚಣ್ಣ, ನೀನೇ ಹೋಗಿ ತಾ," ಅಂದ ದೊರೆ.

"ತರಬಹುದು ಬುದ್ಧಿ. ಆದರೆ ತಂದವರು ಹಸುವಿನ ಜೊತೆ ಹೊರಗೆ ಅಂತ ಡಂಗುರವಾಗಿದೆ. ತರುವವನು ನಾನು, ತರಿಸುವವರು ತಾವು. ಹುಣಸೆಮರದ ಕೆಳಗೆ ಇಬ್ಬರಿಗೂ ಜಾಗ ಸಾಕಾಗುತ್ತದೋ ನೋಡಿ ಬರಲೆ? ಬೇಡವಾದರೆ ಮನೆಯನ್ನೇ ಆಚೆಗೆ ಒಯ್ಯೋಣ. ಮನೆಗೇನೂ ಡಂಗುರ ಹೊಡೆದಿಲ್ಲವಲ್ಲ."

ರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೊರೆ ಗದರಿದ: "ಇವತ್ತೊಂದು ದಿನಕ್ಕೆ ನನ್ನ ಅಪ್ಪಣೆ ಇದೆ, ಹೋಗು."

"ಹೊರಟೆ ಬುದ್ಧಿ. ಒಂದೇ ಒಂದು ಸಂಶಯ. ಒಳಗೆ ಹೋಗಿ ಅದು ಸಗಣಿ ಹಾಕಿಬಿಟ್ಟರೆ?"

ಜೋಯಿಸರಿಗೆ ರೇಗಿತು. "ಹಾಕಲಿ ಅಂತಲೇ ಅಲ್ಲವೇನಯ್ಯ ಎಲ್ಲರೂ ಕಾಯುವುದು? ಅದಕ್ಕಿಂತ ಶುಭ ಇನ್ನೇನಿದೆ? ಸಾಕ್ಷಾತ್ ಲಕ್ಷ್ಮಿ ಬಂದ ಹಾಗೆ."

"ಬೊಮ್ಮರಸರೂ ಕೇಳಿಸಿಕೊಂಡರು ತಾನೆ?" ಅನ್ನುತ್ತ ಮಾಚಣ್ಣ ಹೋದ.

ಗಿರಿಯವ್ವ ಹಗ್ಗ ಹಿಡಿದು ಬಂದಳು. ಕೆಂಚಿ ಹೊಸ್ತಿಲು ದಾಟಿತು, ಕರು ಹಿಂದೆಯೇ ಬಂತು. ನಡುಮನೆಯಲ್ಲಿ, ಕನ್ನಡಿಯಂತೆ ಹೊಳೆಯುತ್ತಿದ್ದ ನೆಲದ ಮೇಲೆ ಕೆಂಚಿ ನಿಂತು, ಬಾಲ ಎತ್ತಿತು. ಬೆಳಗಿನಿಂದ ತಿಂದ ಹಸಿ ಹುಲ್ಲು ಸುಮ್ಮನೆ ಹೋಗುತ್ತದೆಯೆ?

ಎಲ್ಲರೂ ಕೈ ಮುಗಿದರು. ಬೊಮ್ಮರಸ ಮಾತ್ರ ಉತ್ತರೀಯದಿಂದ ಮೂಗು ಒತ್ತಿ ಹಿಡಿದಿದ್ದ.

"ಕೈ ಮುಗಿಯೋ, ಮನೆಗೆ ಲಕ್ಷ್ಮಿ ಬಂದಿದ್ದಾಳೆ," ಅಂದಳು ರಾಣಿ.

ಎರಡೂ ಕೈ ಜೋಡಿಸಬೇಕಾದರೆ ಮೂಗು ಬಿಡಲೇಬೇಕು. ಬಿಟ್ಟ. ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಂಡು ಕೈ ಮುಗಿದ.

ಪೂಜೆ ಮುಗಿಯಿತು. ಗಿರಿಯವ್ವ ಹುಣಸೆಮರದ ಕಡೆಗೆ ಹಸು ತಿರುಗಿಸಿದಳು.

"ತಡಿ ಅವ್ವ," ಅಂದ ಮಾಚಣ್ಣ. "ಬುದ್ಧಿ, ಈ ಹಸುವಿಗೆ ಒಂದಿಷ್ಟು ಪಾಠ ಹೇಳಿಸಬೇಕು."

"ಎಂಥಾ ಪಾಠ?"

"ಗೋಡೆಯ ಈಚೆ ಹಾಕಿದರೆ ಲಕ್ಷ್ಮಿ, ಆಚೆ ಹಾಕಿದರೆ ಹೊಲಸು. ಮೂಕಪ್ರಾಣಿಗೆ ಇದು ಹೇಗೆ ತಿಳಿಯಬೇಕು? ಯಾರ ಮನೆ ಅಂತ ಮೊದಲು ವಿಚಾರಿಸಿ, ಆಮೇಲೆ ಬಾಲ ಎತ್ತುವುದನ್ನು ಬೊಮ್ಮರಸರೇ ಅದಕ್ಕೆ ಕಲಿಸಿಕೊಡಲಿ."

ದೊರೆ ಮೊದಲು ಗಂಟು ಮುಖದಲ್ಲೇ ನಿಂತಿದ್ದ. ಆಮೇಲೆ ಮೀಸೆ ಅದುರಿತು. ಆಮೇಲೆ ರುಮಾಲು ಜಾರುವಷ್ಟು ನಕ್ಕ. "ಡಂಗುರದವನನ್ನು ಕರೆಯಿರಿ. ಹಿತ್ತಲು ಚೊಕ್ಕಟವಾಗಿ ಇಟ್ಟುಕೊಂಡವರು ದನವನ್ನೂ ಇಟ್ಟುಕೊಳ್ಳಲಿ, ಕೋಳಿಯನ್ನೂ ಇಟ್ಟುಕೊಳ್ಳಲಿ." ಬೆರಳಿನ ಉಂಗುರ ತೆಗೆದು ಮಾಚಣ್ಣನ ಕೈಗಿಟ್ಟ.

ಗಿರಿಯವ್ವ ಕೆಂಚಿಯ ಕುತ್ತಿಗೆ ತಬ್ಬಿಕೊಂಡು ಅತ್ತೇಬಿಟ್ಟಳು.

"ಹಾಗಾದರೆ ನನ್ನ ಮೂಗಿನ ಗತಿ?" ಅಂತ ಬೊಮ್ಮರಸ ಗೊಣಗಿದ.

ಮಾಚಣ್ಣ ಬಹಳ ವಿನಯದಿಂದ ಹೇಳಿದ: "ಚಿಂತೆ ಬೇಡ ಸ್ವಾಮಿ. ಕೋಟೆ ಬಾಗಿಲಾಚೆ ಹುಣಸೆಮರದ ಕೆಳಗೆ ಒಳ್ಳೆ ಗಾಳಿ. ಜಾಗ ಈಗಷ್ಟೇ ಖಾಲಿಯಾಗಿದೆ."