ಯಾವ ಮಗ್ಗ ನನ್ನದು

ಎಲ್ಲರಿಗೂ ಒಂದು ನೆಲೆಯಿಟ್ಟು, ಯಾರನ್ನೂ ಮರೆಯದೆ ಕಾಯುವ ಶಿವನಿಗೆ ಶರಣು. ಅವನ ನೆನಹಿನಲ್ಲಿ ಈ ನಾಲ್ಕು ಮಾತು.

"ಅಜ್ಜಾವರೇ, ಜನರನ್ನು ಬಿಗಿಯಾಗಿ ನಡೆಸಬೇಕೋ, ಸಡಿಲವಾಗಿ ನಡೆಸಬೇಕೋ?" ಎಂದು ಶಿಷ್ಯ ನಿರ್ವಾಣಯ್ಯ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ಮಠದ ಎರಡು ಅಡುಗೆಮನೆಗಳನ್ನು ಒಂದು ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಮೊದಲು ಗದರಿಸಿ ನೋಡಿದ. ಇಬ್ಬರು ಅಡುಗೆಯವರು ಗಂಟು ಕಟ್ಟಿಕೊಂಡು ಊರಿಗೆ ಹೋದರು. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಹಿರಿಯಳಾದ ಸೋಮವ್ವನಿಗೆ ಮೆತ್ತಗೆ, "ನೀವು ಸುಮ್ಮನೆ ಕೂಡ್ರಿ ತಾಯಿ, ಆರಾಮ ಮಾಡ್ರಿ" ಎಂದ. ಅವಳು ಅತ್ತುಬಿಟ್ಟಳು. ಆಗಿನಿಂದ ಸೌಟು ಹಿಡಿದುಕೊಂಡು ಹೊಸ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಾಳೆ. ಅವಳೂ ಹೋದರೆ ದಾಸೋಹದ ಗತಿಯೇನು? ಬೈದರೂ ತಪ್ಪು, ನಕ್ಕರೂ ತಪ್ಪು. ನಿರ್ವಾಣಯ್ಯನಿಗೆ ತಲೆಬುಡ ತಿಳಿಯಲಿಲ್ಲ.

ಗುರುಗಳು ಹೇಳತೊಡಗಿದರು.

"ಒಬ್ಬ ವ್ಯಾಪಾರಿಗೆ ಎರಡು ಮಗ್ಗದ ಮನೆಗಳಿದ್ದವು. ಎರಡನ್ನೂ ಒಂದೇ ಸೂರಿನಡಿ ತರಬೇಕೆಂದು ಒಬ್ಬ ಮೇಲ್ವಿಚಾರಕನನ್ನು ಇಟ್ಟ. ಆತ ಅವಸರದವನು. 'ಮಗ್ಗ ಕೀಳಿ, ಹೊರಡಿಸಿ' ಎಂದು ಅಬ್ಬರಿಸಿದ.

"ನೇಕಾರರಲ್ಲಿ ಒಂದು ಪದ್ಧತಿಯುಂಟು. ಬಟ್ಟೆ ಮುಗಿದಾಗ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ನೂಲಿನ ತುದಿಗಳನ್ನು ಹಾಗೇ ಉಳಿಸಿ, ಹೊಸ ನೂಲಿನ ಒಂದೊಂದು ಎಳೆಯನ್ನೂ ಅವಕ್ಕೆ ಹೊಸೆದು ಕೆಚ್ಚುತ್ತಾರೆ. ಹಳೆಯ ಎಳೆ ಹೊಸದನ್ನು ಕೈಹಿಡಿದು ಒಳಗೆ ತರುತ್ತದೆ. ಮೇಲ್ವಿಚಾರಕನಿಗೆ ಹೆದರಿ ನೇಕಾರರು ಆ ತುದಿಗಳನ್ನೂ ಕತ್ತರಿಸಿ ಎಸೆದರು. ಮಗ್ಗಗಳು ಬೋಳಾಗಿ ಹೊಸ ಮನೆಗೆ ಬಂದವು. ಯಾವುದು ಯಾರದೆಂಬ ಗುರುತೇ ಉಳಿಯಲಿಲ್ಲ.

"ವ್ಯಾಪಾರಿ ಅವನನ್ನು ಕೆಲಸದಿಂದ ಬಿಡಿಸಿ ಇನ್ನೊಬ್ಬನನ್ನು ಇಟ್ಟ. ಈತ ಸಾಧು ಸ್ವಭಾವದವನು. ಬಂದವರಿಗೆಲ್ಲ ಬೆಲ್ಲ, ನೀರು ಕೊಟ್ಟ. 'ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ, ನೀವೆಲ್ಲ ನನ್ನ ಅಣ್ಣತಮ್ಮಂದಿರು' ಎಂದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು.

"ಅವರಲ್ಲೊಬ್ಬ ನೇಕಾರ ಒಂದು ಮಗ್ಗದ ಮುಂದೆ ಕೂತ. ಇದು ಬೇರೆಯವನ ಜಾಗವೇನೋ ಎಂದು ಎದ್ದ. ಇನ್ನೊಂದರ ಮುಂದೆ ಕೂತ, ಅಲ್ಲಿಂದಲೂ ಎದ್ದ. ಕೊನೆಗೆ ಗೋಡೆಗೆ ಒರಗಿ ನಿಂತ. ಮೊದಲು ಬೈಗುಳದ ಭಯವಿತ್ತು. ಈಗ ಕೈಗೆ ಕೆಲಸವೇ ಇಲ್ಲ. ತನ್ನನ್ನು ಇಟ್ಟುಕೊಂಡಿದ್ದಾರೋ ಬಿಟ್ಟಿದ್ದಾರೋ, ಅದೂ ತಿಳಿಯದು. ಲಾಳಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಬಿಟ್ಟ.

"ವ್ಯಾಪಾರಿ ಬಾಗಿಲಲ್ಲಿ ತಡೆದ. 'ಏನಪ್ಪಾ, ಬೈಯುವವನೂ ಬೇಡ, ನಗುವವನೂ ಬೇಡ. ನಿನಗಾಗಿ ದೇವಲೋಕದಿಂದ ಒಬ್ಬನನ್ನು ಇಳಿಸಲೇನು?'

"ನೇಕಾರ ಹೇಳಿದ: 'ಸಾವಕಾರ್ರೇ, ಅವರು ಬೈದರ್ರೀ, ಇವರು ನಕ್ಕರ್ರೀ. ನಾ ಎಲ್ಲಿ ಕೂಡಬೇಕಂತ ಇಬ್ಬರೂ ಹೇಳಲಿಲ್ರೀ.'

"ವ್ಯಾಪಾರಿ ಅವನ ತೋಳು ಹಿಡಿದು ಒಳಗೆ ಕರೆತಂದು, ಕಿಟಕಿಯ ಪಕ್ಕದ ಮಗ್ಗ ತೋರಿಸಿದ. 'ಇದು ನಿನ್ನದು. ಆದರೆ ನಿನ್ನ ಆ ಕೆಂಪಂಚಿನ ಸೀರೆ ಇನ್ನು ಇಲ್ಲಿ ನೇಯುವುದಿಲ್ಲ. ಪಂಚೆ ನೇಯಬೇಕು' ಎಂದ. ಆ ಸೀರೆ ಅವನ ಅಪ್ಪ ಕಲಿಸಿದ್ದು. ನೇಕಾರನ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು, ವಸ್ತ್ರ ಬಿಚ್ಚಿ, ಲಾಳಿ ತೆಗೆದಿಟ್ಟು, ಬೋಳು ಮಗ್ಗಕ್ಕೆ ಮೊದಲ ಎಳೆ ಪೋಣಿಸಲು ಕೂತ."

ಗುರುಗಳು ನಿಲ್ಲಿಸಿದರು. ನಿರ್ವಾಣಯ್ಯನ ಗೊಂದಲ ಇನ್ನೂ ಹೆಚ್ಚಾಯಿತು. ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕೆಂದೇ ಅವನು ಕೇಳುತ್ತ ಕೂತಿದ್ದ.

"ಅಜ್ಜಾವರೇ, ಹಾಗಾದರೆ ಆ ಇಬ್ಬರು ಮೇಲ್ವಿಚಾರಕರಲ್ಲಿ ಯಾರು ಸರಿ? ನಾನು ಯಾರಂತಾಗಲಿ?"

ಗುರುಗಳು ಅಡುಗೆಮನೆಯ ಬಾಗಿಲ ಕಡೆ ನೋಡಿ ಕೇಳಿದರು:

"ಸೋಮವ್ವನ ಒಲೆ ಯಾವುದಪ್ಪಾ?"

ನಿರ್ವಾಣಯ್ಯ ಎದ್ದು, ಸೋಮವ್ವನಿಗೆ ಅವಳ ಒಲೆ ತೋರಿಸಲು ಬಾಗಿಲ ಕಡೆ ನಡೆದ.

ಇದನ್ನು ಕೇಳಿದ ನಿಮಗೆಲ್ಲ ಶಿವನು ನಿಮ್ಮ ನಿಮ್ಮ ಜಾಗ ತೋರಿಸಲಿ. ಅಲ್ಲಿ ಕೂತವರ ಕೈಗೆ ಕೆಲಸವನ್ನೂ ಎದೆಗೆ ತಂಪನ್ನೂ ಕೊಡಲಿ.