ಕಿವುಡ ದೇವರ ಹಿಂದಿನ ಗೋಡೆ

ಮಗ್ಗುಲಿಗೆ ಬಾ ಪುಟ್ಟಿ, ಹೊದ್ಕೊ. ಒಂದಾನೊಂದು ಕಾಲದಲ್ಲಿ, ನಮಗಿಂತ ಮುಂಚೆ ಬೆಳಗಾಗೋ ಜಪಾನು ದೇಶದಲ್ಲಿ, ಸಮುದ್ರದ ದಡದಲ್ಲಿ ಚಿಯೋ ಅಂತ ಒಬ್ಬಳಿದ್ದಳಂತೆ. ಗಂಡ ತೋಕುಜಿ ಮೀನು ಹಿಡಿಯೋನು. ಚಿಯೋಗೆ ಎಂಥ ನಾಚಿಕೆ ಅಂದ್ರೆ, ಪಕ್ಕದಲ್ಲಿ ಕೂತ ಗಂಡನಿಗೇ ಅವಳ ಮಾತು ಕೇಳಿಸ್ತಿರಲಿಲ್ಲವಂತೆ. ಏನೇ, ಇರುವೆ ಜೊತೆ ಮಾತಾಡ್ತಿದೀಯಾ ಅಂತ ರೇಗಿಸ್ತಿದ್ದನಂತೆ.

ಒಂದು ದಿನ ತೋಕುಜಿ ದೋಣಿ ತಗೊಂಡು ಹೋದ, ಆಮೇಲೆ ಮಂಜು ಕವಿದು ದಡವೇ ಕಾಣದಂಗಾಯ್ತು, ಎಲ್ಲರ ದೋಣಿ ಬಂದ್ರೂ ಅವನದು ಬರಲಿಲ್ಲವಂತೆ. ಚಿಯೋ ಎದ್ದೆನೋ ಬಿದ್ದೆನೋ ಅಂತ ದಡದ ಮೇಲಿದ್ದ ದೇವಸ್ಥಾನಕ್ಕೆ ಓಡಿದಳಂತೆ. ತುಂಬ ಹಳೇದು ಅದು, ಮುಂದೆ ಕೆಂಪು ಮರದ ಕಮಾನು, ಒಳಗೆ ಮೂರು ಗುಡಿ. ಕೈ ಬಾಯಿ ತೊಳ್ಕೊಂಡು, ದೊಡ್ಡ ಗುಡಿ ಮುಂದೆ ಬಗ್ಗಿ, ಚಪ್ಪಾಳೆ ತಟ್ಟಿ ಬೇಡ್ಕೊಂಡಳು, ಆಮೇಲೆ ಭತ್ತದ ದೇವರ ಗುಡೀಲಿ ಬೇಡ್ಕೊಂಡಳು.

ಅಂಗಳ ಗುಡಿಸ್ತಿದ್ದ ಮುದುಕಿ, ಅಯ್ಯೋ ಹುಡುಗಿ, ಇದು ದೇವರಿಲ್ಲದ ತಿಂಗಳು ಕಣೇ ಅಂದಳಂತೆ. ಅಲ್ಲಿ ವರ್ಷಕ್ಕೊಂದು ತಿಂಗಳು ದೇವರೆಲ್ಲ ಸಭೆ ಸೇರೋಕೆ ಇಜುಮೋ ಅನ್ನೋ ಊರಿಗೆ ಹೋಗ್ತಾರಂತೆ, ಜನ ಹಬ್ಬ ಮಾಡಿ ಕಳಿಸಿ, ಹಬ್ಬ ಮಾಡಿ ಕರ್ಕೊಂತಾರಂತೆ. ಮೊನ್ನೆ ಕಳಿಸೋ ಹಬ್ಬಕ್ಕೆ ಅನ್ನ ಬೇಯಿಸಿದ್ದೇ ಚಿಯೋ, ಗಾಬರೀಲಿ ಮರೆತಿದ್ದಳು ಪಾಪ. ಹಂಗಾದ್ರೆ ನನ್ನ ಗಂಡನ್ನ ಯಾರು ಕಾಯೋರು ಅಂತ ಕುಸಿದು ಕೂತಳಂತೆ.

ಮೀನುಗಾರರ ದೇವರು ಎಬಿಸು ಇದಾನೆ ಹೋಗೇ ಅಂದಳಂತೆ ಮುದುಕಿ. ಅವನು ಕಿವುಡ. ಸಭೆಗೆ ಕರೆದದ್ದು ಕೇಳಿಸದೆ ಮನೇಲೇ ಉಳ್ಕೊಂಡಿದ್ದನಂತೆ!

ಚಿಯೋ ಮೂಲೆ ಗುಡಿಗೆ ಹೋಗಿ ಪಿಸಪಿಸ ಅಂದಳು. ಅಷ್ಟು ಮೆಲ್ಲಗಂದ್ರೆ ಅವನಿಗೆಲ್ಲಿ ಕೇಳಿಸುತ್ತೆ, ಹಿಂದೆ ಹೋಗಿ ಹಲಗೆ ಗೋಡೆ ಬಡಿಯೇ ಅಂದಳಂತೆ ಮುದುಕಿ. ದೇವರ ಗೋಡೇನಾ ಅಂತ ಚಿಯೋ ಮೊದಲು ಬೆರಳಲ್ಲಿ ತಟ್ಟಿದಳು, ಆಮೇಲೆ ಅಂಗೈಯಲ್ಲಿ, ಆಮೇಲೆ ಎರಡೂ ಮುಷ್ಟೀಲಿ ದಬದಬ ಅಂತ ಬಡೀತಾ, ಎಬಿಸಪ್ಪಾ, ನನ್ನ ಗಂಡನ್ನ ಮನೆಗೆ ಕರ್ಕೊಂಡು ಬಾರಪ್ಪಾ ಅಂತ ಊರಿಗೆ ಊರೇ ಕೇಳೋ ಹಾಗೆ ಕೂಗಿದಳಂತೆ. ಕೈ ಊದಿಕೊಂಡ್ರೂ ನಿಲ್ಲಿಸಲಿಲ್ಲವಂತೆ.

ಆಮೇಲೆ ನೋಡು, ಮಂಜೊಳಗಿಂದ ಮೆಲ್ಲಗೆ ದೋಣಿ ಬಂತಂತೆ! ಚಿಯೋಗೆ ಹೋದ ಜೀವ ಬಂದಂಗಾಯ್ತು. ತೋಕುಜಿ ಇಳಿದವನೇ, ದಿಕ್ಕೇ ತಿಳೀತಿರಲಿಲ್ಲ ಕಣೇ, ಯಾರೋ ಹಲಗೆ ಬಡಿಯೋ ಸದ್ದು ಕೇಳಿ ಆ ಕಡೆಗೇ ಹುಟ್ಟು ಹಾಕಿದೆ, ಯಾವಳೋ ಗಟ್ಟಿಗಿತ್ತಿ ಗಂಡನಿಗೋಸ್ಕರ ಕೂಗ್ತಾನೂ ಇದ್ದಳು, ಯಾರೇ ಅವಳು ಅಂತ ಕೇಳಿದನಂತೆ.

ನಾನೇ ಅಂದಳಂತೆ ಚಿಯೋ, ನಗ್ತಾ ಅಳ್ತಾ.

ಪಾಪ, ಅವನಿಗೆ ಕೇಳಿಸಲೇ ಇಲ್ಲವಂತೆ.

ಅವರು ಅಲ್ಲಿ ಸುಖವಾಗಿದ್ರು, ಎಬಿಸು ಹಬ್ಬ ಬಂದಾಗೆಲ್ಲ ಇಬ್ರೂ ಹೋಗಿ ಗೋಡೆ ಬಡಿದು ಬರ್ತಿದ್ರಂತೆ. ಕತೆ ದಡ ಸೇರಿತು, ಮುಗೀತು. ಮಲ್ಕೊ ಇನ್ನು.